ಮುಖಕ್ಕೆ ಹಚ್ಚುವ ಮುನ್ನ



ಜನರ ದಿನದ ಬದುಕಿಗೆ ಬೇಕಾದ ವೈದ್ಯಕೀಯ ತಿಳಿವಳಿಕೆಯನ್ನು ಕನ್ನಡದಲ್ಲೇ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಹೃದಯ, ಮಧುಮೇಹ, ಕ್ಯಾನ್ಸರಿನಂಥ ವಿಷಯಗಳನ್ನು ಬಿಟ್ಟು ಮುಖದ ಚರ್ಮದ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಮರುಮಾತಿಲ್ಲದೆ ಒಪ್ಪಿಕೊಂಡರು. ಅದಕ್ಕೆ ನಾನು ಕೃತಜ್ಞಳು. ಚರ್ಮರೋಗದ ಹೊರರೋಗಿ ವಿಭಾಗದಲ್ಲಿ ಕೂತವರಿಗೆ ಇದು ಸಣ್ಣ ವಿಷಯವಲ್ಲ ಎಂದು ಗೊತ್ತು. ಹದಿನೇಳು ವರ್ಷದ ಹುಡುಗನೊಬ್ಬ ಮೊಡವೆಯ ದೆಸೆಯಿಂದ ಕಾಲೇಜಿಗೆ ಹೋಗುವುದನ್ನೇ ಬಿಟ್ಟ ಉದಾಹರಣೆ ನನ್ನ ಕಣ್ಣೆದುರಿಗಿದೆ. ಮುಖಕ್ಕೆ ಬಂದದ್ದು ಮನಸ್ಸಿಗೂ ಇಳಿಯುತ್ತದೆ.

ನಮ್ಮ ಬಳಿ ಬರುವವರ ಬೇಡಿಕೆ ಹೆಚ್ಚುಕಡಿಮೆ ಮೂರೇ. ಮುಖ ಕೆಂಪಾಗಿದೆ, ಅದು ಹೋಗಬೇಕು. ಗುಳ್ಳೆ ಏಳುತ್ತಿವೆ, ನಿಲ್ಲಬೇಕು. ಚರ್ಮ ಒರಟಾಗಿದೆ, ನುಣುಪಾಗಬೇಕು. ಕೇಳಲು ಮೂರೂ ಒಂದೇ ಕುಟುಂಬದ ತೊಂದರೆಗಳಂತೆ ಕಾಣುತ್ತವೆ, ಅಂಗಡಿಯ ಕಪಾಟಿನಲ್ಲಿ ಮೂರಕ್ಕೂ ಒಂದೇ ಡಬ್ಬಿಯನ್ನು ತೋರಿಸುವವರೂ ಇದ್ದಾರೆ. ಆದರೆ ಇವುಗಳ ಕಾರಣ ಬೇರೆ, ಮದ್ದು ಬೇರೆ, ವಾಸಿಯಾಗಲು ಹಿಡಿಯುವ ಕಾಲವೂ ಬೇರೆ. ಒಂದಕ್ಕೆ ಒಳ್ಳೆಯದು ಇನ್ನೊಂದನ್ನು ಕೆಡಿಸುತ್ತದೆ. ಮೊಡವೆಗೆ ಕೊಡುವ ರೆಟಿನಾಯ್ಡ್ ಮುಲಾಮು ಉರಿಯುವ ಕೆಂಪು ಮುಖದ ಮೇಲೆ ಬಿದ್ದರೆ ಉರಿ ಇಮ್ಮಡಿಯಾಗುತ್ತದೆ. ಕೆಂಪನ್ನು ಅಡಗಿಸುವ ಸ್ಟಿರಾಯ್ಡ್ ಮುಲಾಮು ಮೊಡವೆಯನ್ನು ಹುಟ್ಟಿಸುತ್ತದೆ. ಇವತ್ತು ನಾನು ಹೇಳಬೇಕೆಂದು ಬಂದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮುಖದ ಮೇಲೆ ಮೂರೇ ದಿನದಲ್ಲಿ ಪವಾಡ ತೋರಿಸುವ ಮುಲಾಮನ್ನು ಮೊದಲು ಅನುಮಾನಿಸಿ. ಚರ್ಮ ಅಷ್ಟು ಬೇಗ ವಾಸಿಯಾಗುವ ಅಂಗವಲ್ಲ.

ಯಾಕೆ ಎಂದು ತಿಳಿಯಲು ಚರ್ಮದೊಳಗೆ ಸ್ವಲ್ಪ ಇಳಿದು ನೋಡಬೇಕು. ನಾವು ಮುಟ್ಟುವ ಹೊರಪದರದಲ್ಲಿರುವುದು ಸತ್ತ ಜೀವಕೋಶಗಳು. ಅವುಗಳ ನಡುವಿನ ಸಂದಿಯಲ್ಲಿ ಕೊಬ್ಬಿನಂಶ ತುಂಬಿಕೊಂಡಿರುತ್ತದೆ. ಇಟ್ಟಿಗೆ ಗೋಡೆಗೆ ಗಾರೆ ಹೇಗೋ ಹಾಗೆ. ಗಾರೆ ಗಟ್ಟಿಯಿದ್ದರೆ ಒಳಗಿನ ನೀರು ಹೊರಗೆ ಆರುವುದಿಲ್ಲ, ಹೊರಗಿನ ಖಾರ, ಧೂಳು, ರಾಸಾಯನಿಕ ಒಳಗೆ ಹೋಗುವುದಿಲ್ಲ. ಕೆಳಗಿನ ಪದರದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಸರಿಸುಮಾರು ನಾಲ್ಕು ವಾರ ಬೇಕು. ವಯಸ್ಸಾದಂತೆ ಇನ್ನೂ ಹೆಚ್ಚು. ಇನ್ನು ಮೊಡವೆ. ಕೂದಲ ಬುಡದ ರಂಧ್ರದಲ್ಲಿ ಕೋಶಗಳು ಅಂಟಿಕೊಂಡು ಬಾಯಿ ಕಟ್ಟುತ್ತವೆ, ಹಿಂದೆ ಜಿಡ್ಡು ಶೇಖರವಾಗುತ್ತದೆ, ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುತ್ತದೆ, ಆಮೇಲೆ ಉರಿಯೂತ. ಕಣ್ಣಿಗೆ ಕಾಣದ ಈ ಕಟ್ಟು ಗುಳ್ಳೆಯಾಗಿ ಮೇಲೇಳುವಷ್ಟರಲ್ಲಿ ಎಂಟು ವಾರವಾದರೂ ಆಗಿರಬಹುದು. ಇವತ್ತು ಕನ್ನಡಿಯಲ್ಲಿ ಕಂಡ ಮೊಡವೆ ಹುಟ್ಟಿದ್ದು ಎರಡು ತಿಂಗಳ ಹಿಂದೆ. ಹಾಗಾಗಿ ಮೊಡವೆಯ ಯಾವ ಔಷಧವನ್ನೇ ಆಗಲಿ ಎಂಟರಿಂದ ಹನ್ನೆರಡು ವಾರ ಬಳಸದೆ ಅದು ಕೆಲಸ ಮಾಡಿತೋ ಇಲ್ಲವೋ ಎಂದು ತೀರ್ಮಾನಿಸಲಾಗದು. ಹದಿನೈದು ದಿನಕ್ಕೆ ಒಂದು ಕ್ರೀಮು ಬದಲಿಸುವವರು ಯಾವುದಕ್ಕೂ ಅವಕಾಶವನ್ನೇ ಕೊಟ್ಟಿರುವುದಿಲ್ಲ.

ಈಗ ಕೆಂಪಿನ ವಿಷಯಕ್ಕೆ ಬರುತ್ತೇನೆ. ವೈದ್ಯಕೀಯ ಪುಸ್ತಕಗಳಲ್ಲಿ ಬಹುಕಾಲ ಅಚ್ಚಾದ ಚಿತ್ರಗಳು ಬಿಳಿ ಚರ್ಮದವು. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಮುಖದಲ್ಲಿ ಕೆಂಪು ಹಾಗೆ ಎದ್ದು ಕಾಣುವುದಿಲ್ಲ. ತುಸು ಕಂದಾಗಿ, ಕೆಲವೊಮ್ಮೆ ನೇರಳೆ ಛಾಯೆಯಲ್ಲಿ ಕಾಣುತ್ತದೆ. ಹಾಗಾಗಿ ರೊಸೇಷಿಯಾ ಎಂಬ ಕಾಯಿಲೆ ನಮ್ಮವರಿಗೆ ಬರುವುದೇ ಇಲ್ಲ ಎಂಬ ಭಾವನೆ ವೈದ್ಯರಲ್ಲೂ ಇತ್ತು. ಬರುತ್ತದೆ. ಬಿಸಿಲಿಗೆ ಹೋದರೆ, ಒಲೆ ಮುಂದೆ ನಿಂತರೆ, ಬಿಸಿ ಬಿಸಿ ಕಾಫಿ ಕುಡಿದರೆ, ಖಾರ ತಿಂದರೆ, ಮದ್ಯ ಸೇವಿಸಿದರೆ ಕೆನ್ನೆ ಮೂಗು ಧಗ್ಗೆಂದು ಬಿಸಿಯಾಗಿ ಕೆಂಪೇರುವುದು ಅದರ ಗುರುತು. ಮೆಟ್ರೊನಿಡಜೋಲ್ ಜೆಲ್, ಶೇಕಡಾ 15ರ ಅಜೆಲಾಯಿಕ್ ಆಮ್ಲ, ಶೇಕಡಾ 1ರ ಐವರ್ಮೆಕ್ಟಿನ್ ಕ್ರೀಮು ಇವು ಇದಕ್ಕೆ ಇರುವ ಮದ್ದುಗಳು. ಎಲ್ಲಕ್ಕಿಂತ ಮುಖ್ಯವಾದದ್ದು ಬಿಸಿಲಿನಿಂದ ರಕ್ಷಣೆ.

ಆದರೆ ಕೆಂಪಾದದ್ದೆಲ್ಲ ರೊಸೇಷಿಯಾ ಅಲ್ಲ. ಹುಬ್ಬಿನ ನಡುವೆ, ಮೂಗಿನ ಪಕ್ಕದ ಗೆರೆಯಲ್ಲಿ ಕೆಂಪಿದ್ದು ಮೇಲೆ ಹೊಟ್ಟು ಏಳುತ್ತಿದ್ದರೆ ಅದು ತಲೆಹೊಟ್ಟಿನ ಬಂಧು. ತಲೆಹೊಟ್ಟಿಗೆ ಔಷಧ ಮಾಡಿದರೆ ಅರ್ಧ ವಾಸಿ. ಹಣೆಯಲ್ಲಿ ಕುಂಕುಮ ಅಥವಾ ಬಿಂದಿಯ ಜಾಗದಲ್ಲೇ ತುರಿಕೆ ಇದ್ದರೆ, ಕೂದಲಿಗೆ ಬಣ್ಣ ಹಚ್ಚಿದ ಎರಡು ದಿನಕ್ಕೆ ಕಿವಿ ಹಿಂದೆ ಹಣೆ ಅಂಚಿನಲ್ಲಿ ಊದಿಕೊಂಡರೆ, ಅದು ಅಲರ್ಜಿ. ಆ ವಸ್ತುವನ್ನು ಬಿಡದೆ ಯಾವ ಮದ್ದೂ ನಾಟುವುದಿಲ್ಲ. ಇನ್ನೊಂದನ್ನು ಮರೆಯಬಾರದು. ಎರಡೂ ಕೆನ್ನೆಯ ಮೇಲೆ ಚಿಟ್ಟೆಯ ರೆಕ್ಕೆ ಬಿಚ್ಚಿದ ಆಕಾರದಲ್ಲಿ ಕೆಂಪು ಬಂದು, ಜೊತೆಗೆ ಕೀಲುನೋವು, ಸುಸ್ತು, ಬಾಯಿ ಹುಣ್ಣು, ಕೂದಲುದುರುವಿಕೆ ಇದ್ದರೆ ಅದು ಲೂಪಸ್ ಇರಬಹುದು, ಮೂತ್ರಪಿಂಡವನ್ನೂ ಹಿಡಿಯುವ ಕಾಯಿಲೆ. ಅಂಥವರು ಮುಲಾಮಿನ ಅಂಗಡಿಗೆ ಹೋಗಬಾರದು, ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಹೇಳಿಯೂ ನಮ್ಮ ಹೊರರೋಗಿ ವಿಭಾಗದಲ್ಲಿ ಮತ್ತೆ ಮತ್ತೆ ಕಾಣುವ ಕೆಂಪು ಮುಖವನ್ನು ಇನ್ನೂ ಹೆಸರಿಸಿಲ್ಲ. ಅದು ಟ್ಯೂಬಿನಿಂದ ಬಂದದ್ದು.

ಒಬ್ಬ ಯುವತಿಯ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ಮದುವೆ ಗೊತ್ತಾಗಿತ್ತು. ಮುಖದ ಮೇಲೆ ನಾಲ್ಕಾರು ಮೊಡವೆ, ಅಲ್ಲಲ್ಲಿ ಕಪ್ಪು ಕಲೆ. ಸೋದರತ್ತೆ ಒಂದು ಟ್ಯೂಬು ತಂದುಕೊಟ್ಟರು. ನಾಲ್ಕನೇ ದಿನಕ್ಕೆ ಮೊಡವೆ ಅಡಗಿ, ಕಲೆ ತಿಳಿಯಾಗಿ, ಮುಖ ಹೊಳೆಯಿತು. ಮನೆಯವರೆಲ್ಲ ಹೊಗಳಿದರು. ಮದುವೆಯೂ ಆಯಿತು. ವರ್ಷ ಕಳೆದ ಮೇಲೆ ನನ್ನ ಮುಂದೆ ಕೂತಾಗ ಸೆರಗನ್ನು ಅರ್ಧ ಮುಖಕ್ಕೆ ಎಳೆದುಕೊಂಡಿದ್ದಳು. ದೀಪ ಹತ್ತಿರ ಹಿಡಿದು ನೋಡಿದೆ. ಕೆನ್ನೆಯ ಚರ್ಮ ಎಷ್ಟು ತೆಳುವಾಗಿತ್ತೆಂದರೆ ಒಳಗಿನ ರಕ್ತನಾಳಗಳು ಕೆಂಪು ದಾರದ ಎಳೆಗಳಂತೆ ಹೆಣೆದುಕೊಂಡದ್ದು ಕಾಣುತ್ತಿತ್ತು. ದವಡೆಯ ಅಂಚಿನಲ್ಲಿ ನವಿರಾದ ಕೂದಲು. ಬಾಯಿಯ ಸುತ್ತ ಒಂದೇ ಅಳತೆಯ, ಒಂದೇ ವಯಸ್ಸಿನ ಸಣ್ಣ ಸಣ್ಣ ಗುಳ್ಳೆ. ಪರ್ಸಿನಿಂದ ಟ್ಯೂಬು ತೆಗೆದಳು. ಕೊನೆಯ ಹನಿಯವರೆಗೂ ಹಿಂಡಲೆಂದು ಬಾಲದಿಂದ ಸುರುಳಿ ಸುತ್ತಿದ್ದ ಟ್ಯೂಬು. "ಹಚ್ಚಿದ್ರೆ ಆರಾಮ ಮೇಡಂ, ಬಿಟ್ರೆ ಒಂದೇ ದಿನಕ್ಕೆ ಉರಿ ಶುರು. ಒಲೆ ಮುಂದೆ ನಿಲ್ಲೋಕೇ ಆಗಲ್ಲ" ಎಂದಳು. ಸುರುಳಿಯನ್ನು ಬಿಡಿಸಿ ಹಿಂಬದಿಯ ಸಣ್ಣಕ್ಷರ ಓದಿದೆ. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೊಮೆಟಸೋನ್.

ಈ ಮೂರರ ಬೆರಕೆಗೆ ಒಂದು ಚರಿತ್ರೆಯಿದೆ. 1975ರಲ್ಲಿ ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್ಮನ್ ತಮ್ಮ ಸಹೋದ್ಯೋಗಿಯೊಂದಿಗೆ ಬಣ್ಣ ತಿಳಿಗೊಳಿಸುವ ಒಂದು ಸೂತ್ರವನ್ನು ಪ್ರಕಟಿಸಿದರು. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಅದರಲ್ಲಿದ್ದವು. ಭಂಗಿನಂಥ ಕಲೆಗೆ, ವೈದ್ಯರ ಕಣ್ಗಾವಲಿನಲ್ಲಿ, ಕೆಲವು ವಾರಗಳ ಮಟ್ಟಿಗೆ ಬಳಸಬೇಕಾದ ಸೂತ್ರ ಅದು. ನಮ್ಮಲ್ಲಿ ಸ್ಟಿರಾಯ್ಡಿನ ಹೆಸರು ಬದಲಾಗಿ, ಅದೇ ಬೆರಕೆ ಬೆಳ್ಳಗಾಗುವ ಕ್ರೀಮಾಗಿ ಮನೆ ಮನೆ ಸೇರಿತು. ಮುಖ ತೊಳೆದ ಮೇಲೆ ಪೌಡರು ಹಚ್ಚುವಷ್ಟು ಸಲೀಸಾಗಿ ಹಚ್ಚುವವರಿದ್ದಾರೆ.

ಸ್ಟಿರಾಯ್ಡ್ ಕೆಟ್ಟ ಔಷಧವೆಂದು ನಾನು ಹೇಳುತ್ತಿಲ್ಲ. 1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟನ್ ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಗುಣ ಕಂಡದ್ದು ನಮ್ಮ ಶಾಸ್ತ್ರದ ದಿಕ್ಕನ್ನೇ ಬದಲಿಸಿತು. ಇಸಬು, ಸೋರಿಯಾಸಿಸ್ ಇರುವವರ ಪಾಲಿಗೆ ಅದು ವರ. ಅದು ರಕ್ತನಾಳವನ್ನು ಕುಗ್ಗಿಸುತ್ತದೆ, ಉರಿಯೂತವನ್ನು ತಣಿಸುತ್ತದೆ. ಕೆಂಪು ಮಾಯವಾಗುವುದು ನಾಳ ಕುಗ್ಗುವುದರಿಂದ. ಔಷಧ ನಿಂತಾಗ ಕುಗ್ಗಿದ ನಾಳ ಮೊದಲಿಗಿಂತ ಹೆಚ್ಚು ಹಿಗ್ಗುತ್ತದೆ. ಆಗ ಉರಿ, ಕೆಂಪು, ಮತ್ತೆ ಹಚ್ಚುವ ತುಡಿತ. ಇಂಗ್ಲೆಂಡಿನ ಶೆಫೀಲ್ಡಿನ ವೈದ್ಯ ಇಯಾನ್ ಸ್ನೆಡನ್ 1969ರಲ್ಲೇ ಮುಖದ ಕೆಂಪಿಗೆ ಗಾಢ ಸ್ಟಿರಾಯ್ಡ್ ಹಚ್ಚಿದರೆ ಏನಾಗುತ್ತದೆಂದು ಬರೆದು ಎಚ್ಚರಿಸಿದ್ದರು. ಅದಕ್ಕೂ ಎರಡು ವರ್ಷ ಮೊದಲು ಫೆಲ್ಡ್‌ಮನ್ ಮತ್ತು ಮೈಬಾಕ್ ಒಂದು ಅಳತೆ ಮಾಡಿದ್ದರು. ಮುಂದೋಳಿನ ಚರ್ಮ ಎಷ್ಟು ಹೈಡ್ರೊಕಾರ್ಟಿಸೋನನ್ನು ಹೀರುತ್ತದೋ ಅದರ 6 ಪಟ್ಟನ್ನು ಹಣೆ ಹೀರುತ್ತದೆ, 13 ಪಟ್ಟನ್ನು ದವಡೆಯ ಮೂಲೆ ಹೀರುತ್ತದೆ. ಕೈಗೆ ಕೊಟ್ಟ ಮುಲಾಮನ್ನು ಮುಖಕ್ಕೂ ಹಚ್ಚಿಕೊಂಡೆ ಎನ್ನುವವರು ಈ ಲೆಕ್ಕವನ್ನು ನೆನಪಿಡಬೇಕು.

ನಮ್ಮ ದೇಶದ ಚರ್ಮತಜ್ಞರು ಸುಮ್ಮನೆ ಕೂರಲಿಲ್ಲ. ಈ ಸ್ಥಿತಿಗೆ ಸ್ಟಿರಾಯ್ಡಿನಿಂದ ಹಾಳಾದ ಮುಖ ಎಂಬ ಅರ್ಥದ ಹೆಸರನ್ನೇ ಭಾರತದ ವೈದ್ಯರು ಕೊಟ್ಟರು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೇಶದ 12 ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆಗೆಂದು ಬಂದ 2926 ಜನರನ್ನು ವಿಚಾರಿಸಿದಾಗ 433 ಮಂದಿ ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದನ್ನು ಹೇಳಿದವರು ವೈದ್ಯರಲ್ಲ. ಗೆಳತಿ, ನೆಂಟರು, ಬ್ಯೂಟಿ ಪಾರ್ಲರಿನವರು, ಔಷಧದ ಅಂಗಡಿಯವರು. ವೃತ್ತಿಸಂಘ ಒಂದು ಕಾರ್ಯಪಡೆಯನ್ನೇ ರಚಿಸಿ ವರ್ಷಗಟ್ಟಲೆ ಒತ್ತಾಯ ಮಾಡಿತು. ಹೊರಗೆ ಹಚ್ಚುವ ಔಷಧಗಳಿಗೆ ಇದ್ದ ವಿನಾಯಿತಿಯ ಮರೆಯಲ್ಲಿ ಈ ಮುಲಾಮುಗಳು ಚೀಟಿಯಿಲ್ಲದೆ ಮಾರಾಟವಾಗುತ್ತಿದ್ದವು. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್‌ಗಳ ಮುಲಾಮುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ತಂದಿತು. ಅಂದರೆ ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಕಾನೂನು ಬಂದು ಇಷ್ಟು ವರ್ಷವಾದರೂ ನಮ್ಮ ಬಳಿ ಬರುವ ಟ್ಯೂಬುಗಳು ಕಡಿಮೆಯಾದಂತೆ ನನಗೆ ಕಾಣುತ್ತಿಲ್ಲ. ಹುಳುಕಡ್ಡಿಗೂ ಸ್ಟಿರಾಯ್ಡ್ ಬೆರೆತ ಮುಲಾಮುಗಳನ್ನು ಹಚ್ಚಿ ಹಚ್ಚಿ ಅದು ಊರೆಲ್ಲ ಹಬ್ಬಿದೆ, ಔಷಧಕ್ಕೆ ಬಗ್ಗದಂತಾಗಿದೆ. ಅದು ಇನ್ನೊಂದು ಉಪನ್ಯಾಸದ ವಿಷಯ.

ಆ ಯುವತಿ ಏನಾದಳು ಎಂದು ನೀವು ಕೇಳುತ್ತೀರಿ. ಸ್ಟಿರಾಯ್ಡ್ ನಿಲ್ಲಿಸಿದ ಮೊದಲ ವಾರಗಳಲ್ಲಿ ಮುಖ ಇನ್ನಷ್ಟು ಕೆಂಪಾಯಿತು, ಊದಿಕೊಂಡಿತು, ನಿದ್ದೆ ಕೆಟ್ಟಿತು. ಇದನ್ನು ಮೊದಲೇ ಹೇಳಿಟ್ಟಿದ್ದರಿಂದ ಅವಳು ತಡೆದುಕೊಂಡಳು. ಹೇಳದೆ ನಿಲ್ಲಿಸಿದವರು ಮೂರನೇ ದಿನಕ್ಕೇ ಮತ್ತೆ ಟ್ಯೂಬು ಕೊಳ್ಳುತ್ತಾರೆ. ತಣ್ಣೀರಿನ ಪಟ್ಟಿ, ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಬಿಸಿಲಿಗೆ ಸನ್‌ಸ್ಕ್ರೀನ್, ಗುಳ್ಳೆಗೆ ಕೆಲವು ವಾರ ಡಾಕ್ಸಿಸೈಕ್ಲಿನ್ ಮಾತ್ರೆ, ಅವಶ್ಯವಿದ್ದಾಗ ಟ್ಯಾಕ್ರೊಲಿಮಸ್ ಎಂಬ ಸ್ಟಿರಾಯ್ಡ್ ಅಲ್ಲದ ಮುಲಾಮು. ತಿಂಗಳುಗಟ್ಟಲೆ ಹಿಡಿಯಿತು. ಉರಿ ಹೋಯಿತು, ಗುಳ್ಳೆ ಹೋಯಿತು. ಕೆನ್ನೆಯ ಮೇಲಿನ ಕೆಲವು ಕೆಂಪು ಎಳೆಗಳು ಇವತ್ತಿಗೂ ಇವೆ.

ಇನ್ನು ನಿಜವಾದ ಮೊಡವೆಗೆ ಏನನ್ನು ಆರಿಸಿಕೊಳ್ಳಬೇಕು? ಇಲ್ಲಿ ಸಮಾಧಾನದ ಸುದ್ದಿಯಿದೆ. ಪರೀಕ್ಷೆಗೆ ನಿಂತ ಔಷಧಗಳು ನಮ್ಮ ಬಳಿ ಇವೆ, ಬಹಳ ದುಬಾರಿಯೂ ಅಲ್ಲ. ಬೆನ್ಸಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಬ್ಯಾಕ್ಟೀರಿಯಾಕ್ಕೆ ಅದರ ವಿರುದ್ಧ ನಿರೋಧ ಬೆಳೆಸಿಕೊಳ್ಳಲು ಆಗಿಲ್ಲ. ಶೇಕಡಾ 10ರ ಡಬ್ಬಿಗೆ ಹೆಚ್ಚು ಹಣ ಕೊಡಬೇಡಿ. ಉರಿಯೂತದ ಮೊಡವೆಗೆ ಶೇಕಡಾ 2.5 ಅಷ್ಟೇ ಕೆಲಸ ಮಾಡುತ್ತದೆ, ಚರ್ಮವನ್ನು ಕಡಿಮೆ ಒಣಗಿಸುತ್ತದೆ. ಒಂದು ಮಾತು, ಅದು ಬಟ್ಟೆಯ ಬಣ್ಣ ತೆಗೆಯುತ್ತದೆ. ಬಿಳಿಯ ದಿಂಬಿನ ಚೀಲ, ಬಿಳಿಯ ಟವೆಲು ಇಟ್ಟುಕೊಳ್ಳಿ. ಕಪ್ಪು ತಲೆಯ, ಬಿಳಿ ತಲೆಯ ಸಣ್ಣ ಗಂಟುಗಳು ಹೆಚ್ಚಿದ್ದರೆ ರಾತ್ರಿ ಹೊತ್ತು ಅಡಾಪಲೀನ್ ಎಂಬ ರೆಟಿನಾಯ್ಡ್. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ಮೊದಲು ದಿನ ಬಿಟ್ಟು ದಿನ. ಮೊದಲ ವಾರಗಳಲ್ಲಿ ಸಿಪ್ಪೆ ಏಳುತ್ತದೆ, ಮೊಡವೆ ತುಸು ಹೆಚ್ಚಿದಂತೆಯೂ ಅನಿಸಬಹುದು. ಅಲ್ಲಿಗೇ ಬಿಟ್ಟುಬಿಡುವವರೇ ಬಹಳ.

ಕ್ಲಿಂಡಾಮೈಸಿನ್ ಜೆಲ್ಲನ್ನು ಒಂಟಿಯಾಗಿ ತಿಂಗಳುಗಟ್ಟಲೆ ಹಚ್ಚುವ ರೂಢಿ ನಿಲ್ಲಬೇಕು. ಬ್ಯಾಕ್ಟೀರಿಯಾ ಕಲಿತುಬಿಡುತ್ತದೆ. ಬೆನ್ಸಾಯಿಲ್ ಪೆರಾಕ್ಸೈಡಿನ ಜೊತೆಯಲ್ಲೇ ಅದನ್ನು ಬಳಸಬೇಕು. ಗರ್ಭಿಣಿಯರಿಗೆ ರೆಟಿನಾಯ್ಡ್ ಯಾವುದೂ ಬೇಡ, ಅಜೆಲಾಯಿಕ್ ಆಮ್ಲ ಸುರಕ್ಷಿತ. ಮೊಡವೆಯ ಜೊತೆ ಕಪ್ಪು ಕಲೆಯನ್ನೂ ಕೆಂಪನ್ನೂ ಅದು ಕಡಿಮೆ ಮಾಡುತ್ತದೆ. ನಮ್ಮ ಚರ್ಮದ ಬಣ್ಣಕ್ಕೆ ಇದಕ್ಕಿಂತ ಒಪ್ಪುವ ಔಷಧ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ, ಆದರೂ ಇದನ್ನು ಕೇಳಿ ಪಡೆಯುವವರು ಕಡಿಮೆ.

ಗಂಟುಗಂಟಾದ, ಗುಂಡಿ ಬೀಳಿಸುವ ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಇದೆ. ಅಮೆರಿಕದಲ್ಲಿ 1982ರಲ್ಲಿ ಅನುಮತಿ ಪಡೆದ ಈ ಮಾತ್ರೆಯಷ್ಟು ಬಲವಾದದ್ದು ಮೊಡವೆಗೆ ಬೇರೆ ಬಂದಿಲ್ಲ. ಆದರೆ ಅದನ್ನು ನುಂಗುವಾಗ ಗರ್ಭ ನಿಂತರೆ ಮಗುವಿಗೆ ತೀವ್ರ ಅಂಗವೈಕಲ್ಯ ಬರುವ ಅಪಾಯ ದೊಡ್ಡದು. ಮಾತ್ರೆ ನಿಂತು ಒಂದು ತಿಂಗಳವರೆಗೆ ಗರ್ಭ ಧರಿಸಬಾರದು, ರಕ್ತದಾನವನ್ನೂ ಮಾಡಬಾರದು. ಸಭೆಯಲ್ಲಿರುವ ತಾಯಂದಿರಿಗೆ ಹೇಳುತ್ತೇನೆ. ವೈದ್ಯರು ಈ ಮಾತೆತ್ತಿದಾಗ, ಮಗಳಿಗೆ ಇನ್ನೂ ಮದುವೆಯಾಗಿಲ್ಲ ಎಂದು ಮುಜುಗರಪಡಬೇಡಿ, ಸಿಟ್ಟಾಗಬೇಡಿ. ಅವರು ಕೇಳಲೇಬೇಕು. ಗೆಳತಿಗೆ ಬರೆದುಕೊಟ್ಟ ಮಾತ್ರೆಯನ್ನು ಹಂಚಿಕೊಂಡು ನುಂಗುವುದಂತೂ ಎಂದಿಗೂ ಕೂಡದು.

ರೆಟಿನಾಯ್ಡ್‌ಗಳ ಮಾತು ಬಂದಾಗ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. 1969ರಲ್ಲಿ ಟ್ರೆಟಿನಾಯಿನ್ ಮೊಡವೆಗೆ ಔಷಧವೆಂದು ತೋರಿಸಿದವರು ಇದೇ ಕ್ಲಿಗ್ಮನ್ ಮತ್ತು ಸಂಗಡಿಗರು. ಅವರ ಪ್ರಯೋಗಗಳು ನಡೆದದ್ದು ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯಲ್ಲಿ. 1950ರ ದಶಕದ ಮೊದಲಿನಿಂದ 1974ರವರೆಗೆ ಅಲ್ಲಿನ ಕೈದಿಗಳ, ಬಹುಪಾಲು ಕರಿಯ ಕೈದಿಗಳ, ಬೆನ್ನಿನ ಮೇಲೆ ನೂರೆಂಟು ವಸ್ತುಗಳನ್ನು ಪರೀಕ್ಷಿಸಿದರು. ಏನು ಹಚ್ಚುತ್ತಿದ್ದಾರೆಂದು ಅವರಿಗೆ ಸರಿಯಾಗಿ ತಿಳಿಸಿರಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಇದಕ್ಕಾಗಿ ಕ್ಷಮೆ ಕೇಳಿದ್ದು 2021ರಲ್ಲಿ. ನಾವು ನುಣುಪಿಗೆಂದು ಹಚ್ಚುವ ಬಟಾಣಿ ಗಾತ್ರದ ಮುಲಾಮಿನ ಹಿಂದೆ ಆ ಬೆನ್ನುಗಳಿವೆ. ಒಪ್ಪಿಗೆ ಕೇಳದೆ, ಒಳಗೇನಿದೆಯೆಂದು ಹೇಳದೆ ಯಾರ ಚರ್ಮಕ್ಕೂ ಏನನ್ನೂ ಹಚ್ಚಬಾರದು. ಇದು ಸೆರೆಮನೆಗೂ ಸರಿ, ಹೆಸರಿಲ್ಲದ ಡಬ್ಬಿಯಲ್ಲಿ ಕ್ರೀಮು ತುಂಬಿ ಮಾರುವ ಪಾರ್ಲರಿಗೂ ಸರಿ.

ಮೊಡವೆಗೆ ಮುಲಾಮಿನ ಹೊರಗೂ ಕಾರಣಗಳಿವೆ. ಹಣೆಯ ತುಂಬ ಸಣ್ಣ ಗುಳ್ಳೆಗಳಿರುವ ಹುಡುಗಿಯರಿಗೆ ನಾನು ಮೊದಲು ಕೇಳುವುದು ತಲೆಗೆ ಯಾವ ಎಣ್ಣೆ, ಎಷ್ಟು ಹೊತ್ತು ಎಂದು. ರಾತ್ರಿಯಿಡೀ ಎಣ್ಣೆ ಹಚ್ಚಿ ಮಲಗಿದರೆ ಅದು ದಿಂಬಿಗಿಳಿದು ಹಣೆಗೆ ಕೆನ್ನೆಗೆ ಬರುತ್ತದೆ. ಎಣ್ಣೆ ಬಿಡಬೇಕಿಲ್ಲ, ಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ ತೊಳೆದರೆ ಆಯಿತು. ಜಿಮ್ಮಿಗೆ ಹೋಗುವ ಹುಡುಗರು ಕುಡಿಯುವ ವೇ ಪ್ರೋಟೀನ್ ಪುಡಿಯನ್ನು ನಿಲ್ಲಿಸಿದ ಮೇಲೆ ಮೊಡವೆ ತಗ್ಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಸಕ್ಕರೆ, ಮೈದಾ ಕಡಿಮೆ ಮಾಡಿದರೆ ಕೆಲವರಿಗೆ ಅನುಕೂಲ. ಕರಿದದ್ದು ತಿಂದರೆ ಮೊಡವೆ ಎಂಬ ಮಾತಿಗೆ ಅಷ್ಟು ಆಧಾರವಿಲ್ಲ. ದವಡೆ, ಗಲ್ಲದಲ್ಲಿ ಮೊಡವೆ, ಮುಟ್ಟಿನ ಏರುಪೇರು, ಮುಖದಲ್ಲಿ ಕೂದಲು ಇವು ಕೂಡಿ ಬಂದರೆ ಪಿಸಿಓಎಸ್ ಎಂಬ ಹಾರ್ಮೋನಿನ ತೊಂದರೆ ಇದೆಯೇ ಎಂದು ಪರೀಕ್ಷಿಸಬೇಕು. ಬೆವರುವ ಕಾಲದಲ್ಲಿ ಹಣೆ, ಎದೆ, ಬೆನ್ನಿಗೆ ತುರಿಸುವ ಒಂದೇ ತೆರನ ಗುಳ್ಳೆ ಎದ್ದರೆ ಅದು ಮೊಡವೆಯೇ ಅಲ್ಲದಿರಬಹುದು. ಮಲಸೀಜಿಯಾ ಎಂಬ ಬೂಷ್ಟಿನಿಂದ ಬರುವ ಅದಕ್ಕೆ ಆ್ಯಂಟಿಬಯೋಟಿಕ್ ಕೊಟ್ಟರೆ ಇನ್ನೂ ಹೆಚ್ಚುತ್ತದೆ.

ಅಡುಗೆಮನೆಯ ಮದ್ದುಗಳ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಕಡಲೆಹಿಟ್ಟು, ಅರಿಶಿನದಿಂದ ಹೆಚ್ಚಿನವರಿಗೆ ತೊಂದರೆಯಿಲ್ಲ, ಒಣ ಚರ್ಮದವರು ಹಿಟ್ಟನ್ನು ಉಜ್ಜಬಾರದು ಅಷ್ಟೇ. ನಿಂಬೆರಸ ಬೇಡ. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆಯೆದ್ದು ಕಪ್ಪಾಗುತ್ತದೆ. ಟೂತ್‌ಪೇಸ್ಟ್, ಅಡುಗೆ ಸೋಡಾ ಬೇಡವೇ ಬೇಡ. ಮೊಡವೆಯನ್ನು ಹಿಸುಕಬೇಡಿ. ನಮ್ಮ ಚರ್ಮ ಪ್ರತಿ ಗಾಯಕ್ಕೂ ಕಪ್ಪಾಗಿ ಉತ್ತರ ಕೊಡುತ್ತದೆ, ಮೊಡವೆ ವಾರದಲ್ಲಿ ಹೋದರೆ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ನುಣುಪಿನ ವಿಚಾರ ಕೊನೆಗಿಟ್ಟಿದ್ದೇನೆ. ಫೋನಿನ ಪರದೆಯಲ್ಲಿ ಕಾಣುವ ಗಾಜಿನಂಥ ಮುಖ ಮನುಷ್ಯರದ್ದಲ್ಲ, ಸಾಫ್ಟ್‌ವೇರಿನದು. ನಿಜವಾದ ಚರ್ಮಕ್ಕೆ ರಂಧ್ರಗಳಿರುತ್ತವೆ. ಅವು ಮುಚ್ಚಿಕೊಂಡರೆ ಜಿಡ್ಡು, ಬೆವರು ಹೊರಬರುವ ದಾರಿಯೇ ಇರುವುದಿಲ್ಲ. ಇದನ್ನು ಒಪ್ಪಿಕೊಂಡ ಮೇಲೆ ಉಳಿಯುವ ಒರಟುತನಕ್ಕೆ ಮಾಡಬಹುದಾದ್ದು ಬಹಳಷ್ಟಿದೆ. ಮೊದಲನೆಯದು ಸನ್‌ಸ್ಕ್ರೀನ್, ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ತೋರುಬೆರಳು ಮಧ್ಯದ ಬೆರಳುಗಳುದ್ದಕ್ಕೂ ಎರಡು ಗೆರೆ ಹಿಂಡಿ ಮುಖ, ಕುತ್ತಿಗೆಗೆ ಹಚ್ಚಬೇಕು. ನಮ್ಮ ಬಣ್ಣದವರಿಗೆ ಕಣ್ಣಿಗೆ ಕಾಣುವ ಬೆಳಕಿನಿಂದಲೂ ಕಲೆ ಗಾಢವಾಗುತ್ತದೆ, ಅದಕ್ಕೆ ಐರನ್ ಆಕ್ಸೈಡ್ ಇರುವ, ಬಣ್ಣ ಕೂಡಿದ ಸನ್‌ಸ್ಕ್ರೀನ್ ಮೇಲು. ಎರಡನೆಯದು ರಾತ್ರಿಯ ರೆಟಿನಾಯ್ಡ್. ವರ್ಷಗಟ್ಟಲೆ ಬಳಸಿದರೆ ಚರ್ಮದ ಕೊಲಾಜೆನ್ ಹೆಚ್ಚುವುದು ಸಿದ್ಧವಾದ ಸಂಗತಿ.

ಗ್ಲೈಕೋಲಿಕ್ ಅಥವಾ ಸ್ಯಾಲಿಸಿಲಿಕ್ ಪೀಲ್, ಸೂಜಿ ಚಿಕಿತ್ಸೆ, ಲೇಸರ್ ಇವು ಗುಂಡಿ ಬಿದ್ದ ಕಲೆಗೆ ಉಪಯೋಗವಾಗುತ್ತವೆ. ಆದರೆ ಮೊಡವೆ ಇನ್ನೂ ಏಳುತ್ತಿರುವಾಗ, ಸ್ಟಿರಾಯ್ಡಿನಿಂದ ತೆಳುವಾದ ಮುಖದ ಮೇಲೆ, ಬಿಸಿಲಲ್ಲಿ ದುಡಿಯುವವರಿಗೆ ಇವನ್ನು ಮಾಡಬಾರದು. ಬಿಳಿ ಚರ್ಮಕ್ಕೆ ಹೊಂದಿಸಿದ ಶಕ್ತಿಯಲ್ಲೇ ಲೇಸರ್ ಹೊಡೆದರೆ ನಮ್ಮ ಚರ್ಮ ಸುಟ್ಟು ಕಪ್ಪಾಗುತ್ತದೆ. ಮಾಡಿಸುವವರು ಯಂತ್ರದ ಹೆಸರು ಕೇಳುವ ಮೊದಲು ಅದನ್ನು ಹಿಡಿಯುವವರು ಚರ್ಮವೈದ್ಯರೇ ಎಂದು ಕೇಳಿ. ಮದುವೆಗೆ ಹದಿನೈದು ದಿನ ಇರುವಾಗ ಮೊದಲ ಬಾರಿ ಪೀಲ್ ಮಾಡಿಸಿಕೊಳ್ಳಬೇಡಿ.

ಬೆಳ್ಳಗಾಗುವ ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇಲ್ಲದಿದ್ದರೆ ಪಾದರಸ ಇರಬಹುದು. ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮುಖದ ಕ್ರೀಮಿಗೆ ಅದನ್ನು ಸೇರಿಸುವಂತಿಲ್ಲ. ಆದರೂ ತಯಾರಕರ ವಿಳಾಸವಿಲ್ಲದ ಡಬ್ಬಿಗಳು ಬರುತ್ತಲೇ ಇವೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದನ್ನು ಅಲ್ಲಿನ ವೈದ್ಯರು 2023ರಲ್ಲಿ ವರದಿ ಮಾಡಿದರು. ಹುಡುಗಿ ಕಪ್ಪು ಎಂಬ ಮಾತನ್ನು ನಮ್ಮ ಮನೆಗಳಲ್ಲಿ, ಹೆಣ್ಣು ನೋಡುವ ಶಾಸ್ತ್ರದಲ್ಲಿ ಆಡುವುದನ್ನು ನಾವು ಬಿಡದೆ ಈ ಮಾರುಕಟ್ಟೆ ಮುಚ್ಚುವುದಿಲ್ಲ.

ಹಾಗಾದರೆ ಏನನ್ನು ಕೊಳ್ಳಬೇಕು? ಬೆಳಿಗ್ಗೆ ಸಂಜೆ ಮುಖ ತೊಳೆಯಲು ಚರ್ಮದ ಪಿಎಚ್‌ಗೆ ಹತ್ತಿರವಾದ, 5.5ರ ಆಸುಪಾಸಿನ, ಮೆದು ಕ್ಲೆನ್ಸರ್. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10 ಇರುತ್ತದೆ, ಕೆಂಪೇರುವ ಮುಖಕ್ಕೆ ಅದು ಹೊಂದುವುದಿಲ್ಲ. ಒಂದು ಮಾಯಿಶ್ಚರೈಸರ್. ಒಂದು ಸನ್‌ಸ್ಕ್ರೀನ್. ಇವುಗಳ ಮೇಲೆ ನಿಮ್ಮ ತೊಂದರೆಗೆ ತಕ್ಕ ಒಂದೇ ಒಂದು ಔಷಧ. ಹೊಸದನ್ನು ಸೇರಿಸುವಾಗ ಒಂದನ್ನೇ ಸೇರಿಸಿ, ಕಿವಿಯ ಹಿಂದೆ ಕೆಲವು ದಿನ ಹಚ್ಚಿ ನೋಡಿ. ಹತ್ತು ಬಾಟಲಿಗಳ ಕೊರಿಯನ್ ಸಾಲನ್ನು ಸಾಲ ಮಾಡಿ ಕೊಳ್ಳುವ ವಿದ್ಯಾರ್ಥಿಗಳಿದ್ದಾರೆ. ಮುಖ ಕೆಟ್ಟಾಗ ಆ ಹತ್ತರಲ್ಲಿ ಯಾವುದು ಕೆಡಿಸಿತೆಂದು ಹೇಳಲು ನಮಗೂ ಆಗುವುದಿಲ್ಲ.

ಔಷಧದ ಅಂಗಡಿ ನಡೆಸುವ ಬಂಧುಗಳು ಈ ಸಭೆಯಲ್ಲಿದ್ದರೆ ಅವರಲ್ಲಿ ನನ್ನದೊಂದು ವಿನಂತಿ. ಮುಖಕ್ಕೆ ಏನಾದರೂ ಕೊಡಿ ಎಂದು ಬಂದವರಿಗೆ ಚೀಟಿಯಿಲ್ಲದೆ ಸ್ಟಿರಾಯ್ಡ್ ಮುಲಾಮು ಕೊಡಬೇಡಿ. ಊರಿನ ಜನ ವೈದ್ಯರಿಗಿಂತ ಮೊದಲು ಬರುವುದು ನಿಮ್ಮ ಬಳಿಗೆ. ಉಳಿದವರಲ್ಲಿ ಇನ್ನೊಂದು. ಮನೆಯಲ್ಲಿರುವ ಮುಖದ ಕ್ರೀಮಿನ ಹಿಂಬದಿಯನ್ನು ಇವತ್ತು ರಾತ್ರಿ ಓದಿ. ಬೀಟಾಮೆಥಾಸೋನ್, ಮೊಮೆಟಸೋನ್, ಫ್ಲುಟಿಕಾಸೋನ್, ಬೆಕ್ಲೊಮೆಥಾಸೋನ್, ಕ್ಲೊಬೆಟಸಾಲ್, ಹ್ಯಾಲೊಬೆಟಸಾಲ್, ಫ್ಲುಒಸಿನೊಲೋನ್, ಇವುಗಳಲ್ಲಿ ಯಾವುದಾದರೂ ಹೆಸರು ಕಂಡರೆ, ಹಲವು ವಾರಗಳಿಂದ ಹಚ್ಚುತ್ತಿದ್ದರೆ, ಟ್ಯೂಬನ್ನು ಬಿಸಾಡದೆ ಕೈಯಲ್ಲಿ ಹಿಡಿದುಕೊಂಡೇ ಹತ್ತಿರದ ಚರ್ಮವೈದ್ಯರ ಬಳಿ ಹೋಗಿ. ಜಿಲ್ಲಾ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಚರ್ಮರೋಗ ವಿಭಾಗ ಇರುತ್ತದೆ. ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ, ಯಾರು ಕೊಟ್ಟರು ಎಂಬುದನ್ನು ಮುಚ್ಚಿಡದೆ ಹೇಳಿ.